ಕಾಗದಕ್ಕೆ ಅಂಟಿದ ಪಾಲು

ಅವಳ ಬಾಯಲ್ಲಿ ಉಳಿದಿದ್ದದ್ದು ಎರಡೇ ಹಲ್ಲು. ಎರಡೂ ಕೆಳಗಿನವು, ಎಲೆಯಡಿಕೆಗೆ ಕಪ್ಪಾಗಿ, ಬಡಿಗನ ಉಳಿಯ ಹಾಗೆ ಓರೆಯಾಗಿ ಸವೆದಿದ್ದವು. ಕೇಕಿನ ತಳಕ್ಕೆ ಹಾಸಿದ್ದ ಬೆಣ್ಣೆ ಸವರಿದ ಕಾಗದವನ್ನು ಎರಡು ಕೈಯಲ್ಲಿ ಬಿಗಿಯಾಗಿ ಎಳೆದು ಹಿಡಿದು, ಅದಕ್ಕೆ ಅಂಟಿ ಉಳಿದ ಪುಡಿಯನ್ನು ಆ ಹಲ್ಲುಗಳಿಂದ ಕೆರೆಕೆರೆದು ತಿನ್ನುತ್ತಿದ್ದಳು. ಗೋಡೆಯಾಚೆ ನನ್ನ ಖೋಲಿಯಲ್ಲಿ ಕೂತರೆ ಹೆಗ್ಗಣ ಬಾಗಿಲು ಕೊರೆದಂತೆ ಕೇಳುತ್ತಿತ್ತು. ಎರಡು ವರ್ಷ ಆ ಸದ್ದಿಗೆ ಹೇಸಿದ್ದೇನೆ. ಒಂದು ಸಂಜೆ ಮಾತ್ರ ಅದು ನಿಂತರೆ ನನ್ನ ಕಥೆ ಮುಗಿಯಿತು ಎಂದು ತಿಳಿದು, ಉಸಿರು ಹಿಡಿದು ಅದನ್ನೇ ಕೇಳುತ್ತ ಕೂತಿದ್ದೆ.

ಲಿಂಗಸುಗೂರಿನಲ್ಲಿ ಎಲ್ಲರೂ ಅವಳನ್ನು ಕೇಕಿನ ಮುದುಕಿ ಎನ್ನುತ್ತಿದ್ದರು, ಎದುರಿಗೆ ಮಾತ್ರ ಖಾಲಾ, ಚಿಕ್ಕಮ್ಮ. ಅವಳ ಅಪ್ಪ ಇಂಗ್ಲಿಷರ ಛಾವಣಿಯಲ್ಲಿ, ದಂಡಿನ ಬೀಡಿನಲ್ಲಿ, ಒಬ್ಬ ದೊರೆಯ ಮನೆಯ ಖಾನಸಾಮ, ಅಡುಗೆಯವನು. ಛಾವಣಿ ಎದ್ದುಹೋದಾಗ ದೊರೆಸಾನಿ ಅವನಿಗೆ ಮೂರು ತಗಡಿನ ಅಚ್ಚು, ಒಂದು ತಕ್ಕಡಿ, ರಟ್ಟು ಕಿತ್ತುಹೋದ ಒಂದು ದಪ್ಪ ಇಂಗ್ಲಿಷ್ ಅಡುಗೆ ಪುಸ್ತಕ ಬಿಟ್ಟುಹೋದಳಂತೆ. ಆ ಪುಸ್ತಕವನ್ನು ಓದಲು ಅಪ್ಪನಿಗೂ ಬರುತ್ತಿರಲಿಲ್ಲ, ಮಗಳಿಗೂ ಬರುತ್ತಿರಲಿಲ್ಲ. ಅವರು ಹಾಳೆಗಳನ್ನು ಕಲೆಗಳಿಂದ ಗುರುತು ಹಿಡಿಯುತ್ತಿದ್ದರು. ದ್ರಾಕ್ಷಿಯ ಕಂದು ಕಲೆ ಇರುವುದು ಹಬ್ಬದ ಕೇಕು, ಸುಟ್ಟ ಹೆಬ್ಬೆರಳಿನ ಗುರುತು ಶುಂಠಿ ಬಿಸ್ಕೀಟು, ಅಂಚು ಇಲಿ ತಿಂದದ್ದು ಬೆಣ್ಣೆಯ ಕೇಕು.

ನಾನು ಮಸ್ಕಿಯವಳು. ಹೈದರಾಬಾದಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಕಾಲೇಜು ಓದಿ, ಲಿಂಗಸುಗೂರಿನ ಹೆಣ್ಣುಮಕ್ಕಳ ಶಾಲೆಗೆ ಕೆಲಸಕ್ಕೆ ಬಂದಿದ್ದೆ. ಒಂಟಿ ಹೆಣ್ಣಿಗೆ ನಮ್ಮವರು ಯಾರೂ ಖೋಲಿ ಕೊಡಲಿಲ್ಲ. ಇವಳು ಕೊಟ್ಟಳು, ನನಗೆ ಇಂಗ್ಲಿಷ್ ಬರುತ್ತದೆ ಎಂಬ ಒಂದೇ ಕಾರಣಕ್ಕೆ. ಬಂದ ದಿನವೇ ಪುಸ್ತಕ ತಂದು ನನ್ನ ಮಡಿಲಿಗೆ ಹಾಕಿದಳು.

"ಓದವಾ ಓದಿದಾಕಿ. ನಮ್ಮಪ್ಪ ಹೇಳಿದ್ದು ಖರೆ ಐತೋ ಇಲ್ಲೋ ನೋಡೂಣು."

ಇಲಿ ತಿಂದ ಹಾಳೆ ಓದಿದೆ. ಹನ್ನೆರಡು ಮೊಟ್ಟೆ ಎಂದಿತ್ತು.

"ಎಂಟು ತತ್ತಿ," ಎಂದಳು.

"ಪುಸ್ತಕದಾಗ ಹನ್ನೆರಡು ಐತ್ರಿ, ಖಾಲಾ."

"ದೊರಿಸಾನಿ ಬಾಯಿಲೇ ಎಂಟು ಅಂದಾಳ, ನಮ್ಮಪ್ಪ ಕಿವಿಲೇ ಕೇಳ್ಯಾನ. ಈ ಊರಿನ ಕೋಳಿ ಪುಸ್ತಕ ನೋಡಿ ತತ್ತಿ ಇಡ್ತಾವೇನು? ನಿನ್ನ ಇಂಗ್ಲಿಷ್ ಹೈದರಾಬಾದಿಂದು. ಅದು ಬ್ಯಾರೆ."

ನಾನು ಚಿಕ್ಕವಳು, ಓದಿದ ಬಿಸಿ ಇನ್ನೂ ಆರಿರಲಿಲ್ಲ. ಅಚ್ಚಾದದ್ದು ಸುಳ್ಳಾಗುವುದಿಲ್ಲ, ನಿಮ್ಮಪ್ಪ ತಪ್ಪು ಕೇಳಿಸಿಕೊಂಡಿದ್ದಾನೆ ಎಂದುಬಿಟ್ಟೆ. ಅವಳು ಪುಸ್ತಕ ಮುಚ್ಚಿ ಎತ್ತಿಕೊಂಡು ಹೋದಳು. ಅಂದಿನಿಂದ ನಮ್ಮಿಬ್ಬರ ನಡುವೆ ಒಂದು ಒಳ್ಳೆಯ ಮಾತು ನಡೆದದ್ದು ನೆನಪಿಲ್ಲ.

ಎರಡನೆಯ ಕಾರಣವೂ ತತ್ತಿಯೇ. ನಮ್ಮದು ತತ್ತಿ ಮುಟ್ಟದ ಮನೆ. ಅವಳ ಕೇಕಿನ ಒಂದು ಚೂರನ್ನೂ ನಾನು ಬಾಯಿಗೆ ಹಾಕಲಿಲ್ಲ. ಮೊದಲ ಸಲ ಅಂಗೈಯಲ್ಲಿಟ್ಟು ಕೊಟ್ಟಾಗ ಎರಡು ಹೆಜ್ಜೆ ಹಿಂದೆ ಸರಿದಿದ್ದೆ. "ನನ್ನ ಮಾಳಿಗಿ ಕೆಳಗ ಮಕ್ಕೋತಿ. ನನ್ನ ಬಾವಿ ನೀರು ಕುಡೀತಿ. ನನ್ನ ಕೈ ತುತ್ತು ಮಾತ್ರ ನಿನಗ ಆಗಂಗಿಲ್ಲ," ಎಂದಳು. ಮತ್ತೆಂದೂ ಕೊಡಲಿಲ್ಲ.

ಅವಳ ಕೆಲಸ ಮಾತ್ರ ನೋಡುವಂಥದು. ದೊಡ್ಡ ತಾಮ್ರದ ಹಂಡೆಯ ತಳಕ್ಕೆ ಮರಳು ಹರವಿ ಅಚ್ಚುಗಳನ್ನಿಟ್ಟು, ಮುಚ್ಚಳದ ಮೇಲೆ ಕೆಂಡ ಹೇರುತ್ತಿದ್ದಳು. ಬೆಣ್ಣೆ ಸಕ್ಕರೆಯನ್ನು ಮರದ ಪರಾತದಲ್ಲಿ ಬರಿಗೈಯಲ್ಲಿ, ಒಂದೇ ಕಡೆಗೆ ತಿರುವುತ್ತಿದ್ದಳು; ಆಗ ಮನೆಗೆ ಬೆಂಕಿ ಬಿದ್ದರೂ ಮಾತಾಡುವವಳಲ್ಲ. ಕೇಕು ಬೇಯುವಾಗ ನಾನು ತಂಬಿಗೆ ಕೆಳಗಿಟ್ಟ ಸದ್ದಾದರೂ ಒಳಗಿನಿಂದ ಬೈಗುಳ ಬರುತ್ತಿತ್ತು. ಆಯಿತೋ ಇಲ್ಲವೋ ಎಂದು ಕಡ್ಡಿ ಚುಚ್ಚಿ ನೋಡುತ್ತಿರಲಿಲ್ಲ. ಮುಚ್ಚಳ ಸರಿಸಿ ಕಿವಿ ಹಚ್ಚಿ ಕೇಳುತ್ತಿದ್ದಳು. "ಇನ್ನಾ ಮಾತಾಡಾಕತ್ತೈತಿ. ಸುಮ್ಮನಾದ ಮ್ಯಾಲೆ ತಗೀಬೇಕು."

ಅಚ್ಚಿಗೆ ಹಾಸುವ ಕಾಗದಕ್ಕೂ ಒಂದು ಕ್ರಮವಿತ್ತು. ಯುದ್ಧದ ಕಾಲದಿಂದ ಕಾಗದಕ್ಕೆ ಬರ. ಸಿಕ್ಕ ಹಳೆಯ ಕಾಗದವನ್ನೆಲ್ಲ ಒಂದು ಮರದ ಪೆಟ್ಟಿಗೆಯಲ್ಲಿ ಕೂಡಿಡುತ್ತಿದ್ದಳು. ಮಸಿ ಕೇಕಿಗೆ ಹತ್ತಬಾರದೆಂದು ಅಕ್ಷರದ ಮಗ್ಗಲನ್ನು ಯಾವಾಗಲೂ ಹೊರಗೆ ಮಾಡುತ್ತಿದ್ದಳು. ಬೆಂದ ಕೇಕನ್ನು ಕಾಗದದ ಸಮೇತವೇ ಕಳಿಸುತ್ತಿದ್ದಳು. ಬೇರೆ ಯಾರೂ ಮುಟ್ಟಿಲ್ಲ ಎನ್ನುವುದಕ್ಕೆ ಆ ಕಾಗದವೇ ಮುದ್ರೆ. ತಿನ್ನುವವರ ಕಣ್ಣೆದುರಿಗೆ ಅದನ್ನು ಬಿಚ್ಚಬೇಕು, ಬಿಚ್ಚಿದ ಕಾಗದ ಅವಳಿಗೆ ವಾಪಸು ಬರಬೇಕು. ಅವಳ ಅಪ್ಪನಿಗೆ ದೊರೆ ಒಂದು ದಿನವೂ ಕೇಕಿನ ತುಂಡು ಕೊಡಲಿಲ್ಲವಂತೆ. ಕಾಗದಕ್ಕೆ ಅಂಟಿದ್ದಷ್ಟೇ ಅವನ ಪಾಲು. ಅದನ್ನು ಅವಳು ಹಕ್ಕೆಂದು ಹಿಡಿದಿದ್ದಳು. ವಕೀಲರ ಮನೆಯಿಂದ ಒಮ್ಮೆ ಕಾಗದ ಬರಲಿಲ್ಲವೆಂದು ಅವರ ಅಂಗಳಕ್ಕೆ ಹೋಗಿ ಕೂತು, ತಿಪ್ಪೆಯಿಂದ ತೆಗೆಸಿ ತಂದಿದ್ದಳು. ಇಂಥ ಆಸೆಬುರುಕಿಯನ್ನು ಕಂಡಿಲ್ಲ ಎಂದು ನಾನು ಮಸ್ಕಿಗೆ ಬರೆದ ಕಾಗದದಲ್ಲಿ ನಗೆಯಾಡಿದ್ದೆ.

ಆ ವರ್ಷ ಇಂಗ್ಲಿಷರು ದೇಶ ಬಿಟ್ಟು ಹೋಗಿದ್ದರು. ನಮ್ಮಲ್ಲಿ ಮಾತ್ರ ನಿಜಾಮ ಸರಕಾರವೇ ಇತ್ತು. ಕಚೇರಿಯ ಮುಂದಿನ ಬಯಲಿನಲ್ಲಿ ನಿಜಾಮನ ಕಡೆಯ ಖಾಕಿ ತೊಟ್ಟವರು ಭರ್ಚಿ ಹಿಡಿದು ಕವಾಯತು ಮಾಡತೊಡಗಿದ್ದರು. ಪಾಮನಕಲ್ಲೂರಿನ ಕಡೆಯ ಒಬ್ಬ ಹುಡುಗನ ಕಂಬಳಿಯಲ್ಲಿ ನಿಜಾಮನ ವಿರುದ್ಧದ ಒಂದು ಕರಪತ್ರ ಸಿಕ್ಕಿತೆಂದು ಅವನ ಎರಡೂ ಮುಂಗೈ ಮುರಿದಿದ್ದರು. ಅವನನ್ನು ಬಂಡಿಯಲ್ಲಿ ಹಾಕಿಕೊಂಡು ನಮ್ಮ ಶಾಲೆಯ ಮುಂದೆಯೇ ದವಾಖಾನೆಗೆ ಒಯ್ದರು. ಆ ಕೈಗಳನ್ನು ನಾನು ನೋಡಿದ್ದೆ.

ಇಷ್ಟು ನೋಡಿಯೂ ಆ ಕೆಲಸ ಮಾಡಿದೆ. ನನ್ನ ತಮ್ಮ ತುಂಗಭದ್ರೆ ದಾಟಿ ಹೋರಾಟದವರ ಶಿಬಿರ ಸೇರಿದ್ದ. ಒಂದು ಮಧ್ಯಾಹ್ನ ದನದ ದಲ್ಲಾಳಿಯ ವೇಷದಲ್ಲಿ ಬಂದು, ಅಂಗೈ ಅಗಲದ ಕರಪತ್ರಗಳ ಒಂದು ಕಟ್ಟು ಕೊಟ್ಟ. ಭಾನುವಾರ ಸಿಂಧನೂರಿನಿಂದ ಒಬ್ಬ ಬಳೆಗಾರ ಬಂದು ಒಯ್ಯುತ್ತಾನೆ, ಮೂರು ದಿನ ಇಟ್ಟುಕೋ ಎಂದ. ಪೊಲೀಸರು ನನ್ನ ಟ್ರಂಕನ್ನು ಆಗಲೇ ಎರಡು ಸಲ ಜಡತಿ ಮಾಡಿ ಹುಡುಕಿದ್ದರು. ಯೋಚಿಸಿದೆ. ಪೊಲೀಸು ಠಾಣೆಯ ಅಧಿಕಾರಿ ಅಮೀನನ ಮನೆಗೆ ಕೇಕು ಮಾಡಿಕೊಡುವ ಮುದುಕಿಯ ಪೆಟ್ಟಿಗೆಯನ್ನು ಯಾವ ಪೊಲೀಸನೂ ತೆರೆಯುವುದಿಲ್ಲ. ಸಕ್ಕರೆ ಸಿಗದೆ ಅವಳ ಹಂಡೆ ಒಲೆಯೇರಿ ಎರಡು ತಿಂಗಳಾಗಿತ್ತು. ಅವಳು ನೀರಿಗೆ ಹೋದಾಗ ಆ ಕಟ್ಟನ್ನು ಹಳೆಯ ಕಾಗದಗಳ ನಡುವೆ ಇಟ್ಟೆ. ಅವಳಿಗೆ ಹೇಳಲಿಲ್ಲ.

ಶನಿವಾರ ಶಾಲೆ ಮುಗಿಸಿ ಬರುವಾಗ ಓಣಿಯ ತುದಿಗೇ ಕೇಕಿನ ವಾಸನೆ ಬಂತು.

ಒಳಗೆ ಮೂರು ಅಚ್ಚುಗಳು ಖಾಲಿಯಾಗಿ ಬೋರಲಾಗಿದ್ದವು. ಪೆಟ್ಟಿಗೆ ತೆರೆದೆ. ಕಟ್ಟಿನ ದಾರವನ್ನು ಉಂಡೆ ಸುತ್ತಿ ಮೂಲೆಯಲ್ಲಿಟ್ಟಿದ್ದಳು. ಅರ್ಧ ಕಾಗದ ಇರಲಿಲ್ಲ.

"ನನ್ನ ಪೆಟ್ಟಿಗಿಗೆ ಯಾಕ ಕೈ ಹಾಕಿದಿ?" ಹಿಂದೆ ನಿಂತಿದ್ದಳು.

"ಕೇಕು ಎಲ್ಲ್ಯದಾವ್ರಿ, ಖಾಲಾ?"

"ಅಮೀನನ ಮನ್ಯಾಗ. ಮಗನ ಬಿಸ್ಮಿಲ್ಲಾ ಐತಿ ಇವತ್ತು, ಅಕ್ಷರ ಸುರು ಮಾಡಸ್ತಾರ. ಮುಂಜಾನೆ ಮೈದಾ ಸಕ್ಕರಿ ಕಳಿಸಿದ್ರು. ಜವಾನ ಈಗ ಒಯ್ದ."

ಪೆಟ್ಟಿಗೆಯ ಪಕ್ಕದಲ್ಲೇ ಕೂತು ಎಲ್ಲವನ್ನೂ ಹೇಳಿದೆ. ತಮ್ಮ, ಬಳೆಗಾರ, ಆ ಕಾಗದದಲ್ಲಿ ಏನಿದೆ ಎಂಬುದು. ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದೆ. ದಾರದ ಉಂಡೆಯನ್ನು ಕೈಗೆ ತೆಗೆದುಕೊಂಡಳು.

"ಹೊಸಾ ಕಾಗದ, ಸ್ವಚ್ಛ ಕಾಗದ. ಅಕ್ಕೋರು ಸಾಲಿಂದ ನನ್ನ ಸಲುವಾಗಿ ತಂದಾಳ, ಬಾಯಿ ಬಿಟ್ಟು ಹೇಳಾಕ ಸೊಕ್ಕು, ಅದಕ್ಕ ಸುಮ್ಮಕ ಇಟ್ಟಾಳ ಅಂತ ತಿಳಕೊಂಡೆ ನಾ."

ಉಳಿದ ಕಾಗದವನ್ನೆಲ್ಲ ಇಕ್ಕಳದಲ್ಲಿ ಹಿಡಿದು ಒಲೆಗೆ ತುರುಕಿದಳು. ಉರಿ ಪೂರ್ತಿ ಆರುವವರೆಗೆ ನಿಂತು ಬೂದಿ ಕೆದಕಿದಳು. ಆಮೇಲೆ ಬುರ್ಖಾ ತೆಗೆದುಕೊಂಡಳು. "ಏಳು. ನೀನೂ ಬಾ."

"ನಾ ಯಾಕ್ರಿ?"

"ವಾರಕ್ಕೆರಡು ದಿನ ಅಮೀನನ ಹೆಂಡ್ತಿಗೆ ಕನ್ನಡ ಕಲಸಾಕ ಹೋಗ್ತಿಯಲ್ಲ, ಅವತ್ತು ಕೇಳಿದೇನು ಯಾಕಂತ?"

ಅದು ನಿಜ. ಅಮೀನನ ಹೆಂಡತಿ ಹೈದರಾಬಾದಿನವಳು. ಊರಿನವರ ಮಾತು ಕಲಿಯಬೇಕೆಂದು ನನ್ನಿಂದ ಪಾಠ ಹೇಳಿಸಿಕೊಳ್ಳುತ್ತಿದ್ದಳು.

ಕಚೇರಿಯ ಮುಂದೆ ಕವಾಯತು ನಡೆದಿತ್ತು. ಭರ್ಚಿ ಹಿಡಿದವನೊಬ್ಬ ಅಡ್ಡ ಬಂದ. "ಎಲ್ಲಿಗೆ ಹೊಂಟಿ ಖಾಲಾ? ಕೇಕು ನಮಗಿಲ್ಲೇನು?"

"ಭರ್ಚಿ ತುದೀಗೆ ಚುಚ್ಚಿ ಕೊಡ್ತೀನಿ, ಬಾಯಿ ತಗೀ. ಸರೀಲೇ, ಅಮೀನನ ಮನೀಗೆ ಹೊತ್ತಾತು."

ಉಳಿದವರು ಅವನನ್ನು ನೋಡಿ ನಕ್ಕರು. ಅವನು ಸರಿದ. ಅವನ ಕಣ್ಣು ನನ್ನ ಮೇಲೆ ಬಂದು, ನಿಂತು, ಹೋಯಿತು. ಇವತ್ತಿಗೂ ಬೀದಿಯಲ್ಲಿ ಯಾರಾದರೂ ಹಾಗೆ ನೋಡಿದರೆ ನಾನು ಓಣಿ ಬದಲಿಸುತ್ತೇನೆ.

ಜನಾನಾದಲ್ಲಿ, ಹೆಂಗಸರ ಒಳಮನೆಯಲ್ಲಿ, ಹತ್ತು ಹನ್ನೆರಡು ಮಂದಿ ಜಮಖಾನೆಯ ಮೇಲೆ ಕೂತಿದ್ದರು. ನಡುವೆ ದೊಡ್ಡ ತಟ್ಟೆಯಲ್ಲಿ ಮೂರು ಕೇಕು. ಬೆಣ್ಣೆ ಕುಡಿದ ಕಾಗದದ ಮೇಲೆ ಕರಿಯ ಅಕ್ಷರಗಳು ಬಾಗಿಲಿನಿಂದಲೇ ನನಗೆ ಕಾಣುತ್ತಿದ್ದವು. ಪರದೆಯಾಚೆ ಗಂಡಸರು. ಅಮೀನನ ಕೆಮ್ಮು ಕೇಳಿತು, ಅವನ ಗುಮಾಸ್ತ ಮುನ್ಶಿಯ ನಗೆಯೂ ಕೇಳಿತು. ಆ ಮುನ್ಶಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು.

"ಉಸ್ತಾನಿ, ಬನ್ನಿ ಬನ್ನಿ," ಎಂದಳು ಅಮೀನನ ಹೆಂಡತಿ; ಉಸ್ತಾನಿ ಎಂದರೆ ಪಾಠ ಹೇಳುವವಳು. ಖುಷಿಯಲ್ಲಿದ್ದಳು. ಒಂದು ಕೇಕನ್ನು ತೊಡೆಯ ಮೇಲೆತ್ತಿಕೊಂಡಳು. "ದೇಖೋ, ನಿಮ್ಮ ಅಕ್ಷರ ನಮ್ಮ ಕೇಕಿಗೆ ಬಂದಿದೆ. ನಾನು ಓದುತ್ತೇನೆ, ತಪ್ಪಾದರೆ ಹೇಳಿ." ಮದರಂಗಿ ಹಚ್ಚಿದ ಬೆರಳನ್ನು ಮೊದಲ ಸಾಲಿನ ದಪ್ಪ ಅಕ್ಷರಕ್ಕೆ ಇಟ್ಟಳು. "ಬಿ," ಎಂದಳು. ಬೆರಳು ಸರಿಯಿತು. "ಡು." ಮತ್ತೆ ಸರಿಯಿತು. "ಗ."

ಆ ಬೆರಳು ನಡೆದದ್ದನ್ನು ನಾನು ಎಷ್ಟು ಸಲ ಮತ್ತೆ ಕಂಡಿದ್ದೇನೋ ಹೇಳಲಾರೆ. ತರಕಾರಿ ಹೆಚ್ಚುವಾಗ ಕಂಡಿದ್ದೇನೆ, ತರಗತಿಯಲ್ಲಿ ಮಗುವೊಂದು ಅಕ್ಷರ ಕೂಡಿಸಿ ಓದುವಾಗ ಕಂಡಿದ್ದೇನೆ. ಬಿಡುಗಡೆ ಎಂಬ ಮಾತಿಗೆ ಒಂದೇ ಅಕ್ಷರ ಉಳಿದಿತ್ತು. ನಾನೇ ಕಲಿಸಿದ ಅಕ್ಷರಗಳು. ಅಕ್ಷರಕ್ಕೆ ಬೆರಳಿಟ್ಟು ಓದುವುದನ್ನೂ ನಾನೇ ಕಲಿಸಿದ್ದೆ.

ನಾಲ್ಕನೆಯದಕ್ಕೆ ತಡವರಿಸಿದಳು. ನನ್ನ ಮುಖ ನೋಡಿದಳು. ನಾನು ಜಮಖಾನೆಯ ಅಂಚು ನೋಡುತ್ತಿದ್ದೆ. "ಮುನ್ಶಿಯನ್ನು ಕೇಳೋಣ," ಎಂದು ಕೇಕನ್ನೆತ್ತಿ ಆಳು ಹೆಂಗಸಿನ ಕಡೆ ಚಾಚಿದಳು. "ಹೊರಗೆ ಒಯ್ದು ಓದಿಸಿಕೊಂಡು ಬಾ."

"ಬೀಬಿ, ಕಾಗದ ನಂದು."

ಮುದುಕಿ ಬುರ್ಖಾ ಹಿಂದಕ್ಕೆ ಎಸೆದು ತಟ್ಟೆಯ ಮುಂದೆ ಚಕ್ಕಳ ಬಕ್ಕಳ ಹಾಕಿ ಕೂತುಬಿಟ್ಟಿದ್ದಳು. ಆಳಿನ ಕೈಯಿಂದ ಕೇಕು ತೆಗೆದುಕೊಂಡಳು. ಒಂದೇ ಎಳೆತಕ್ಕೆ ಸುತ್ತಿನ ಕಾಗದ ಸುಲಿದು, ಆ ಸಾಲು ಇದ್ದ ಭಾಗವನ್ನು ನೇರವಾಗಿ ಬಾಯಿಗಿಟ್ಟಳು.

ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಆಮೇಲೆ ಹೆಂಗಸರು ನಗತೊಡಗಿದರು. "ಭೂಕಿ ಬುಡ್ಡಿ," ಎಂದಳು ಒಬ್ಬಳು, ಹಸಿದ ಮುದುಕಿ. "ಕಾಗದ ಸುದ್ದಾ ಬಿಡವಲ್ಲಳು," ಎಂದಳು ಇನ್ನೊಬ್ಬಳು. ಅಮೀನನ ಹೆಂಡತಿ ಮುಖ ಕಿವುಚಿಕೊಂಡು, "ಛೀ, ಅವಳಿಗೆ ಒಂದು ತುಂಡು ಕೊಯ್ದು ಕೊಡಿ," ಎಂದಳು.

"ತುಂಡು ನಕೋ. ನಮ್ಮಪ್ಪಗ ದೊರಿ ತುಂಡು ಕೊಡಲಿಲ್ಲ, ನಾ ಬೇಡಿದಾಕಿನೂ ಅಲ್ಲ. ಕಾಗದ ನಮ್ಮ ಹಕ್ಕು. ಊರಿಗೆಲ್ಲಾ ಗೊತ್ತೈತಿ, ಕೇಳ್ರಿ."

"ಹೌದು, ಹೌದು," ಎಂದಳು ವಕೀಲರ ಹೆಂಡತಿ, ನಗು ತಡೆಯಲಾರದೆ. "ನಮ್ಮ ತಿಪ್ಪಿ ಕೆದರಿಸಿ ತಗಸ್ಯಾಳ್ರಿ ಈಕಿ."

ಎರಡನೆಯ ಕೇಕು, ಮೂರನೆಯ ಕೇಕು. ಸುಲಿದಳು, ಎಳೆದು ಹಿಡಿದಳು, ಆ ಎರಡು ಹಲ್ಲಿನಿಂದ ಕೆರೆದಳು. ಕರ್ ಕರ್ ಎಂಬ ಆ ಸದ್ದು. ಅಕ್ಷರವಿದ್ದಲ್ಲಿ ಕಚ್ಚಿ ನುಂಗುತ್ತಿದ್ದಳು, ಉಳಿದದ್ದನ್ನು ಮುದ್ದೆ ಮಾಡಿ ಮುಷ್ಟಿಯಲ್ಲಿ ಹಿಡಿಯುತ್ತಿದ್ದಳು. ತುಟಿಯ ಅಂಚಿಗೆ ಮಸಿ ಇಳಿದಿತ್ತು. ಯಾರ ಮುಂದೆಯೂ ತಲೆ ತಗ್ಗಿಸದ ಹೆಂಗಸು, ತಟ್ಟೆಗೆ ಮುಖವಿಟ್ಟ ಬೆಕ್ಕಿನ ಹಾಗೆ ಆ ಹನ್ನೆರಡು ಮಂದಿಯ ಎದುರಿಗೆ ಕೂತು ತಿಂದಳು.

"ಉಸ್ತಾನಿ," ಎಂದಳು ಅಮೀನನ ಹೆಂಡತಿ ಇದ್ದಕ್ಕಿದ್ದಂತೆ. "ನೀವು ನೋಡಿದಿರಲ್ಲ. ಅದರಲ್ಲಿ ಏನು ಬರೆದಿತ್ತು?"

ಕೆರೆಯುವ ಸದ್ದು ನಿಂತಿತು.

"ಔಷಧಿ ಜಾಹೀರಾತು," ಎಂದೆ.

"ಯಾವುದರ ಔಷಧಿ?"

ನನ್ನ ಕಣ್ಣ ಮುಂದೆ ಇದ್ದದ್ದು ಮುದುಕಿಯ ಬಾಯಿ ಮಾತ್ರ. "ಹಲ್ಲಿನದು," ಎಂದೆ.

ಎಲ್ಲರೂ ಅವಳ ಎರಡು ಹಲ್ಲು ನೋಡಿದರು. ಆಮೇಲೆ ಎದ್ದ ನಗೆಗೆ ಪರದೆಯಾಚೆಯಿಂದ ಅಮೀನನೇ ಏನೆಂದು ಕೇಳಿದ. ಹೆಂಡತಿ ಕಣ್ಣೊರೆಸಿಕೊಳ್ಳುತ್ತ, "ಏನೂ ಇಲ್ಲ, ಕೇಕಿನ ಬುಡ್ಡಿ," ಎಂದಳು. ಆ ನಗೆಯಲ್ಲಿ ಕಾಗದದ ಮಾತು ಮುಗಿದುಹೋಯಿತು. ಮುದುಕಿ ನಗಲಿಲ್ಲ. ನನ್ನ ಕಡೆ ಒಮ್ಮೆ ನೋಡಿ ಮತ್ತೆ ಕೆರೆಯತೊಡಗಿದಳು.

ತಿರುಗಿ ಬರುವಾಗ ಛಾವಣಿಯ ಹಳೆಯ ಗೋಡೆಯ ಹತ್ತಿರ ಕೈಯೂರಿ ನಿಂತು ವಾಂತಿ ಮಾಡಿಕೊಂಡಳು. ಕಪ್ಪಗಿತ್ತು. ನಾನು ಹಿಡಿದುಕೊಳ್ಳಲು ಹೋದೆ. ಮೊಣಕೈಯಿಂದ ನೂಕಿದಳು. ಬಾಯಿ ಒರೆಸಿಕೊಂಡು ಮಣ್ಣಿನಿಂದ ಅದನ್ನು ಮುಚ್ಚಿ, ಕಾಲಲ್ಲಿ ತುಳಿದಳು.

"ತಪ್ಪಾತ್ರಿ, ಖಾಲಾ. ನಿಮ್ಮ ಪೆಟ್ಟಿಗಿ ಯಾರೂ ನೋಡಂಗಿಲ್ಲ ಅಂತ..."

"ಸುಳ್ಳ ಹೇಳಬ್ಯಾಡ. ನನಗ ಓದಾಕ ಬರಂಗಿಲ್ಲ ಅಂತ ಇಟ್ಟಿ."

ಅವಳು ನಡೆಯತೊಡಗಿದಳು, ನಾನು ಹಿಂದೆ ಹೋದೆ.

"ಎರಡು ವರ್ಷ ಒಂದ ಮನ್ಯಾಗ ಇದ್ದಿ. ಅಮೀನನ ಹೆಂಡ್ತಿಗೆ ಕೈ ಹಿಡದು ಅಕ್ಷರ ಕಲಿಸಿದಿ. ನೀ ಹೋಗೂದು ನೋಡಕೋತ ನಾ ನಮ್ಮ ಬಾಗಲದಾಗ ಕುಂತಿರತಿದ್ದೆ. ನೀನೂ ಕಲೀತಿಯೇನಂತ ಒಂದಿನಾ ಕೇಳಿದೇನು? ನನಗ ನಾಕ ಅಕ್ಷರ ಬಂದಿದ್ರ ಆ ಕಾಗದ ಅಚ್ಚಿಗೆ ಬೀಳತಿದ್ದಿಲ್ಲ. ಹೊಟ್ಟೀಗೂ ಬೀಳತಿದ್ದಿಲ್ಲ." ಮನೆಯ ಬಾಗಿಲಿಗೆ ಬಂದಾಗ, "ನಾಳೆ ಹೊತ್ತು ಮುಳುಗೂದ್ರಾಗ ಖೋಲಿ ಬಿಡು," ಎಂದಳು.

ಬಿಟ್ಟೆ. ಬಳೆಗಾರ ಬಂದಾಗ ಬರಿಗೈಯಲ್ಲಿ ಕಳಿಸಿದೆ. ಮಸ್ಕಿಗೆ ಹೋದವಳು ತಿಂಗಳುಗಟ್ಟಲೆ ಬಾಗಿಲು ಬಡಿದ ಸದ್ದಾದರೆ ಹಿತ್ತಲಿಗೆ ಓಡುತ್ತಿದ್ದೆ.

ಆಮೇಲೆ ನಿಜಾಮನ ಆಳ್ವಿಕೆ ಹೋಗಿ ರಾಜ್ಯ ಬದಲಾಯಿತು. ನಮ್ಮ ಓಣಿಯ ಹೆದರಿಕೆ ಅವಳ ಓಣಿಗೆ ದಾಟಿತು. ಅಲ್ಲಿ ಹಗಲಲ್ಲೂ ಬಾಗಿಲು ತೆರೆಯುತ್ತಿರಲಿಲ್ಲ ಎಂದು ಕೇಳಿದೆ. ಈ ಸಲ ಭರ್ಚಿ ಹಿಡಿದವರು ನಮ್ಮವರು. ನನ್ನ ತಮ್ಮ ಹಾರ ಹಾಕಿಸಿಕೊಂಡು ಬಂದಿದ್ದ. ಅವನಿಗೆ ನಾನು ಈ ಕಥೆ ಹೇಳಿದಾಗ, "ಮುದುಕಿ ಭಾಳ ಹುಷಾರದಾಳ," ಎಂದು ನಕ್ಕ. ಮರುದಿನ ನಾನು ಹಿತ್ತಲಲ್ಲಿ ಕಲ್ಲು ಹೂಡಿ, ಹಂಡೆಗೆ ಮರಳು ಹಾಕಿ, ಜೀವನದಲ್ಲಿ ಮೊದಲ ಸಲ ತತ್ತಿ ಒಡೆದೆ. ಅವ್ವ ಹಿತ್ತಲ ಕಡೆಗೆ ಬರಲಿಲ್ಲ. ತಮ್ಮನಿಗೂ ಹೇಳದೆ ಆ ಕೇಕು ಹಿಡಿದು ಲಿಂಗಸುಗೂರಿನ ಮೋಟಾರು ಹತ್ತಿದೆ.

ಅದೇ ಕೊನೆಯ ಭೇಟಿ. ಎರಡು ತಿಂಗಳಿಗೆ ಜ್ವರದಲ್ಲಿ ಹೋದಳಂತೆ. ಯಾರೂ ತಿಳಿಸಲಿಲ್ಲ. ತಿಳಿಸುವಂಥ ಸಂಬಂಧ ನಮ್ಮದಾಗಿರಲಿಲ್ಲ.

ಆ ದಿನ ಮುದುಕಿ ಬಾಗಿಲನ್ನು ಒಂದು ಗೇಣು ತೆರೆದು ನೋಡಿದಳು. ಇಳಿದುಹೋಗಿದ್ದಳು. ಒಂದು ಹಲ್ಲು ಬಿದ್ದಿತ್ತು. ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಹೊಸ್ತಿಲಲ್ಲಿ ಕೂತು ಕೇಕನ್ನು ಕೈಗೆ ತೆಗೆದುಕೊಂಡಳು. ಕಾಗದ ಸುಲಿದಳು. ಆ ಕಾಗದವನ್ನು ಎರಡೂ ಮಗ್ಗಲು ತಿರುವಿ ನೋಡಿದಳು. ಸಾಲದೆ ಬಿಸಿಲಿಗೆ ಎತ್ತಿ ಹಿಡಿದು ನೋಡಿದಳು.

"ಏನೂ ಬರದಿಲ್ರಿ," ಎಂದೆ.

"ನೀ ಅಂದ್ರ ಆತೇನು?" ಮತ್ತೊಮ್ಮೆ ತಿರುವಿದಳು. ಕೇಕನ್ನು ಬೋರಲು ಮಾಡಿ ಬೆರಳಿಂದ ತಟ್ಟಿದಳು. "ತಳಾ ಹತ್ತೇತಿ. ತತ್ತಿ ಎಷ್ಟು ಹಾಕಿದಿ?"

"ಎಂಟ್ರಿ."

ಕೇಕನ್ನು ಹೊಸ್ತಿಲ ಒಳಗಿಟ್ಟಳು. ಕಾಗದವನ್ನು ನನ್ನ ಕಡೆ ಚಾಚಿದಳು.

"ಹಿಡಿ. ಮಾಡಿದಾಕಿ ಪಾಲು."

ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಕೆಲವರು ನಿಂತು ನೋಡಿದರು. ನಾನು ಕಾಗದವನ್ನು ಎರಡು ಕೈಯಲ್ಲಿ ಎಳೆದು ಹಿಡಿದು ಹಲ್ಲು ಹಚ್ಚಿದೆ. ಸುಟ್ಟ ಸಕ್ಕರೆಯ ಕಹಿ, ಬೆಣ್ಣೆ, ನಮ್ಮ ಮನೆಯಲ್ಲಿ ಯಾರೂ ತಿನ್ನದ ಆ ತತ್ತಿಯ ವಾಸನೆ. ಅವಳು ಬಾಗಿಲಿಗೆ ಒರಗಿ, ನಾನು ಮುಗಿಸುವವರೆಗೂ ಕಣ್ಣು ಕೀಳದೆ ನೋಡಿದಳು.

"ಪೂರಾ ಕೆರಿ," ಎಂದಳು. "ಮೂಲ್ಯಾಗ ಉಳದೈತಿ."